ಜೇವರ್ಗಿಯ ಕಾರು ದೆಹಲಿಗೆ ಹೋಗಬಹುದೇ?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳ ತರುಣರು ಉದ್ಯೋಗನಿಮಿತ್ತವಾಗಿ ಸೊಲ್ಲಾಪುರಕ್ಕೂ ಪುಣೆಗೂ ಹೈದರಾಬಾದಿಗೂ ಹೋಗಿ ನೆಲಸುವುದು ಹಳೆಯ ಮಾತು. ಈಚಿನ ವರ್ಷಗಳಲ್ಲಿ ಅವರು ದೆಹಲಿ, ಗುರುಗ್ರಾಮ, ನೋಯ್ಡಾಗಳ ತನಕವೂ ಹೋಗುತ್ತಿದ್ದಾರೆ. ಹೋಗುವ ಮುನ್ನ ಅವರಲ್ಲಿ ಕೆಲವರು ಈ ಅಂಕಣಕ್ಕೆ ಬರೆದು ಕೇಳುವ ಪ್ರಶ್ನೆಯೊಂದುಂಟು. ತಮ್ಮಲ್ಲಿ ವೇಗಕ್ಕೆಂದೇ ನಿರ್ಮಿತವಾದ ಕಾರೊಂದಿದೆ. ತೊಗರಿಗೆ ಒಳ್ಳೆಯ ಧಾರಣೆ ಬಂದ ವರ್ಷ ಅಣ್ಣತಮ್ಮಂದಿರು ಕೂಡಿ ಕೊಂಡದ್ದೋ, ಕಲಬುರಗಿಯಲ್ಲಿ ಹಿಂದಿನ ಒಡೆಯನಿಂದ ಬಂದದ್ದೋ ಇರಬಹುದು. ಅದರ ಮೇಲೆ ಕೆಎ-32ರ ಫಲಕವಿದೆ, ಅದರ ಯಂತ್ರದ ಮೇಲೆ ತಮಗೆ ಅಗಾಧವಾದ ಪ್ರೀತಿಯಿದೆ. ಹೊಗೆಯ ವಿಷಯದಲ್ಲಿ ದೇಶದಲ್ಲೆಲ್ಲ ಅತಿ ಕಠೋರವಾದ ನಿಯಮಗಳಿರುವ ರಾಜಧಾನಿಯ ಪ್ರದೇಶಕ್ಕೆ ಅದನ್ನು ಒಯ್ಯಬಹುದೇ, ಒಯ್ದರೆ ಅಲ್ಲಿ ಇಟ್ಟುಕೊಳ್ಳಲು ಬಿಡುವರೇ?

ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಭೀಮೆಯ ಮೇಲಣ ಕಟ್ಟಿ ಸಂಗಾವಿಯ ಸೇತುವೆಯನ್ನು ದಾಟಿ, ಎರಡೂ ಕಡೆ ಕರಿಮಣ್ಣಿನ ಬಯಲು ದಿಗಂತದವರೆಗೆ ಹಾಸಿರುವ ಜೇವರ್ಗಿಯ ದಾರಿಯಲ್ಲಿ, ಸುಸ್ಥಿತಿಯಲ್ಲಿರುವ ಯಂತ್ರವೊಂದು ಶ್ರುತಿ ಕೆಡದೆ ವೇಗವನ್ನು ಏರಿಸಿಕೊಳ್ಳುವುದನ್ನು ಕೇಳಿದವನಿಗೆ, ಅಂತಹ ವಾಹನವನ್ನು ಊರಲ್ಲಿ ಮುಸುಕು ಹೊದಿಸಿ ಬಿಟ್ಟುಹೋಗುವುದು ಎಂತಹ ಕ್ಲೇಶವೆಂಬುದು ತಿಳಿಯುತ್ತದೆ. ಆದರೆ ಉತ್ತರವನ್ನು ಮುಚ್ಚಿಡದೆ ಮೊದಲೇ ಹೇಳಿಬಿಡುತ್ತೇನೆ. ಒಯ್ಯಬಹುದೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ಕಾರಿನ ಅಶ್ವಶಕ್ತಿಯಲ್ಲ, ಫಲಕದ ಮೇಲಿನ ಅಕ್ಷರಗಳಲ್ಲ; ನೋಂದಣಿ ಪತ್ರದಲ್ಲಿ ಅದು ಭಾರತ್ ಸ್ಟೇಜ್ (ಬಿಎಸ್) ಎಂಬ ಹೊಗೆಯ ಮಿತಿಗಳ ಎಷ್ಟನೆಯ ಮೆಟ್ಟಿಲಿನದೆಂದು ನಮೂದಾಗಿರುವ ಒಂದು ಸಾಲು, ಮತ್ತು ಕಾರ್ಖಾನೆಯಿಂದ ಹೊರಬಿದ್ದಾಗ ಅದರ ಹೊಟ್ಟೆಯಡಿಯಲ್ಲಿದ್ದ ಹೊಗೆಯ ಶೋಧಕವು ಇಂದಿಗೂ ಅಲ್ಲಿಯೇ ಇದೆಯೋ ಇಲ್ಲವೋ ಎಂಬ ಸಂಗತಿ, ಇವೆರಡೇ.

ನಿಯಮಗಳ ಕಾಠಿಣ್ಯವೆಂಬುದು ದೂರದ ದೆಹಲಿಯ ಸಮಾಚಾರವೆಂದು ನಮ್ಮ ಕಡೆಯವರು ಭಾವಿಸುವುದುಂಟು. ಆದರೆ ಅದು ಒಂದು ಕಾಲದಲ್ಲಿ ನಮ್ಮ ನೆರೆಮನೆಯಲ್ಲಿಯೇ ಇತ್ತು. 2010ರಲ್ಲಿ ದೇಶದ ಬಹುಭಾಗವು ಬಿಎಸ್-3ಕ್ಕೆ ಬಂದಿತಷ್ಟೆ. ಅದೇ ವರ್ಷದ ಏಪ್ರಿಲ್ 1ರಂದು ಬಿಎಸ್-4 ಎಂಬ ಮೇಲಿನ ಮೆಟ್ಟಿಲನ್ನು ಹತ್ತಬೇಕಾದ ಕೆಲವೇ ನಗರಗಳ ಪಟ್ಟಿಯಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಹೈದರಾಬಾದು, ಪುಣೆಗಳಂತಹ ಮಹಾನಗರಗಳ ಜೊತೆಗೆ ಸೊಲ್ಲಾಪುರದ ಹೆಸರೂ ಇತ್ತು. ಗಿರಣಿಗಳ ಊರು, ಧೂಳಿನ ಊರು, ಅರ್ಧಕ್ಕರ್ಧ ಕನ್ನಡ ಕೇಳಿಬರುವ ಬೀದಿಗಳ ಊರು. ನಮ್ಮ ಅಫಜಲಪುರದವರು ದುಧನಿ, ಅಕ್ಕಲಕೋಟೆಗಳ ಹಾದಿಯಲ್ಲಿ ಬಟ್ಟೆಬರೆಗೂ ಆಸ್ಪತ್ರೆಗೂ ಹೋಗಿಬರುವ ಊರು. ಅಂದಿನಿಂದ ಸೊಲ್ಲಾಪುರದಲ್ಲಿ ಹೊಸ ಕಾರು ಕೊಳ್ಳುವವನಿಗೆ ಒಂದು ನಿಯಮ, ಎರಡು ಗಂಟೆಯ ಹಾದಿಯ ಈಚೆಗೆ ಅಫಜಲಪುರದಲ್ಲಿ ಕೊಳ್ಳುವವನಿಗೆ ಇನ್ನೊಂದು. ಪೂರ್ವಕ್ಕೆ ಹೈದರಾಬಾದು, ಪಶ್ಚಿಮಕ್ಕೆ ಸೊಲ್ಲಾಪುರ ಮತ್ತು ಪುಣೆ, ದಕ್ಷಿಣಕ್ಕೆ ಬೆಂಗಳೂರು ಮೇಲಿನ ಮೆಟ್ಟಿಲಿನ ಮೇಲಿರಲು, ನಡುವೆ ನಮ್ಮ ಜಿಲ್ಲೆಯು ಕೆಳಗಿನ ಮೆಟ್ಟಿಲಿನಲ್ಲಿಯೇ ನಿಂತಿತು. ಬಿಎಸ್-4 ದೇಶದಲ್ಲೆಲ್ಲ ಪೂರ್ಣವಾಗಿ ಜಾರಿಗೆ ಬರುವುದಕ್ಕೆ 2017ರ ಏಪ್ರಿಲ್ 1ರವರೆಗೆ ಕಾಯಬೇಕಾಯಿತು.

ಈ ತಾರತಮ್ಯಕ್ಕೆ ಕಾರಣವು ಕೇವಲ ಆಡಳಿತದ ಆಲಸ್ಯವಾಗಿರಲಿಲ್ಲ; ಇಂಧನವೂ ಕಾರಣವಾಗಿತ್ತು. ಬಿಎಸ್-3ರ ಪೆಟ್ರೋಲಿನಲ್ಲಿ ಗಂಧಕವು ದಶಲಕ್ಷಕ್ಕೆ 150 ಭಾಗದವರೆಗೆ, ಡೀಸೆಲಿನಲ್ಲಿ 350 ಭಾಗದವರೆಗೆ ಇರಬಹುದಾಗಿತ್ತು. ಬಿಎಸ್-4ರಲ್ಲಿ ಎರಡಕ್ಕೂ 50, ಇಂದಿನ ಬಿಎಸ್-6ರಲ್ಲಿ 10. ಗಂಧಕವು ಶೋಧಕದ ಶತ್ರು. ಆದುದರಿಂದ ಶುದ್ಧವಾದ ತೈಲವು ಎಲ್ಲಿ ಮೊದಲು ದೊರೆಯಿತೋ ಅಲ್ಲಿ ನಿಯಮವೂ ಮೊದಲು ಬಂದಿತು. ಇದಕ್ಕಿಂತ ಹಿಂದೆಯೂ ಹೀಗೆಯೇ ನಡೆದಿತ್ತು: 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಶೋಧಕವನ್ನೂ ಸೀಸರಹಿತ ಪೆಟ್ರೋಲನ್ನೂ ಕಡ್ಡಾಯ ಮಾಡಿದರೂ, ಸೀಸವಿಲ್ಲದ ಪೆಟ್ರೋಲು ದೇಶದ ಎಲ್ಲ ಊರುಗಳಿಗೂ ಮುಟ್ಟಿದ್ದು 2000ದ ಫೆಬ್ರುವರಿಯಲ್ಲಿ. ಆ ನಡುವಿನ ವರ್ಷಗಳಲ್ಲಿ ಮುಂಬೈಯಿಂದ ಶೋಧಕವುಳ್ಳ ಕಾರನ್ನು ಸಣ್ಣ ಊರುಗಳಿಗೆ ತಂದು, ದೊರೆತ ಪೆಟ್ರೋಲನ್ನೇ ತುಂಬಿಸಿದವರ ಶೋಧಕಗಳನ್ನು ಸೀಸವು ನಿಷ್ಪ್ರಯೋಜಕವಾಗಿಸಿತು. ಒಳ್ಳೆಯ ಗಾಳಿಯು ಮಹಾನಗರಕ್ಕೆ ಮೊದಲು, ತಾಲೂಕಿಗೆ ಆಮೇಲೆ ಎಂಬ ಈ ಕ್ರಮವನ್ನು ಅನುಕೂಲದ ದೃಷ್ಟಿಯಿಂದ ಸಮರ್ಥಿಸಬಹುದೇ ಹೊರತು ನ್ಯಾಯದ ದೃಷ್ಟಿಯಿಂದ ಸಮರ್ಥಿಸಲಾಗದು. ದೇವಲ ಗಾಣಗಾಪುರಕ್ಕೆ ಬರುವ ಭಕ್ತನ ಶ್ವಾಸಕೋಶಕ್ಕೂ ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಬರುವವನ ಶ್ವಾಸಕೋಶಕ್ಕೂ ದೆಹಲಿಯವನ ಶ್ವಾಸಕೋಶಕ್ಕೂ ಸೃಷ್ಟಿಕರ್ತನು ಭೇದವನ್ನು ಮಾಡಿಲ್ಲ.

ಈಗ ದೆಹಲಿಯ ವಿಚಾರ. ಅಲ್ಲಿ ನಿಯಮದ ಮೊದಲ ರೂಪ ವಯಸ್ಸಿನ ಲೆಕ್ಕವಾಗಿತ್ತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2014ರ ನವೆಂಬರಿನಲ್ಲಿ 15 ವರ್ಷ ಮೀರಿದ ವಾಹನಗಳನ್ನೂ, 2015ರ ಏಪ್ರಿಲಿನಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನೂ ಅಲ್ಲಿಯ ರಸ್ತೆಗಳಿಂದ ನಿವಾರಿಸಬೇಕೆಂದು ವಿಧಿಸಿತು. 2018ರ ಅಕ್ಟೋಬರ್ 29ರಂದು ಸರ್ವೋಚ್ಚ ನ್ಯಾಯಾಲಯವು ರಾಜಧಾನಿ ಪ್ರದೇಶದಲ್ಲೆಲ್ಲ ಅದನ್ನು ಕಟ್ಟುನಿಟ್ಟಾಗಿ ನಡೆಸುವಂತೆ ಆಜ್ಞಾಪಿಸಿತು. ಗುರುಗ್ರಾಮವೂ ನೋಯ್ಡಾವೂ ಈ ಪ್ರದೇಶದೊಳಗೇ ಬರುತ್ತವೆಂಬುದನ್ನು, ತಾನು ದೆಹಲಿಗೆ ಹೋಗುತ್ತಿಲ್ಲ, ಹರಿಯಾಣಕ್ಕೆ ಹೋಗುತ್ತಿದ್ದೇನೆಂದು ಸಮಾಧಾನಪಟ್ಟುಕೊಳ್ಳುವವರು ನೆನಪಿನಲ್ಲಿಡಬೇಕು. 2025ರ ಜುಲೈ 1ರಿಂದ ವಯಸ್ಸು ಮೀರಿದ ವಾಹನಗಳಿಗೆ ದೆಹಲಿಯ ಬಂಕುಗಳಲ್ಲಿ ತೈಲವನ್ನೇ ಕೊಡಬಾರದೆಂಬ ಆದೇಶ ಹೊರಟು, ಜನರ ಆಕ್ಷೇಪಣೆಯಿಂದ ಕೆಲವೇ ದಿನಗಳಲ್ಲಿ ತಡೆಯಲ್ಪಟ್ಟಿತು. ಆಗಸ್ಟ್ 12ರಂದು ಸರ್ವೋಚ್ಚ ನ್ಯಾಯಾಲಯವು ಕೇವಲ ವಯಸ್ಸಿನ ಕಾರಣದಿಂದ ಮಾಲೀಕರ ಮೇಲೆ ಬಲವಂತದ ಕ್ರಮ ಕೂಡದೆಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಮೇಲಿನ ವಾಹನಗಳಿಗೆ ಮಾತ್ರ ಸೀಮಿತಗೊಳಿಸಿತು.

ಈ ಕಡೆಯ ತಿರುವನ್ನು ನಾನು ಬಹು ಮಹತ್ವದ್ದೆಂದು ತಿಳಿಯುತ್ತೇನೆ. ಕಾರಿಗೆ ಎಷ್ಟು ವರ್ಷವಾಯಿತೆಂದು ಕೇಳುವುದನ್ನು ಬಿಟ್ಟು, ಅದು ಏನನ್ನು ಉಸಿರಾಡಿ ಹೊರಗೆ ಬಿಡುತ್ತದೆಂದು ಕೇಳುವ ಕಡೆಗೆ ನಿಯಮವು ಮುಖ ಮಾಡಿದೆ. ವಿವೇಕಿಗಳು ಮೊದಲಿನಿಂದ ಬಯಸಿದ್ದೂ ಅದನ್ನೇ. ಇದರ ಫಲವನ್ನು ಒಂದೇ ಹೆಸರಿನ ಎರಡು ಕಾರುಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಟರ್ಬೊ ಪೆಟ್ರೋಲ್ ಯಂತ್ರದ ರುಚಿಯನ್ನು ನಮ್ಮ ದೇಶದ ವೇಗಪ್ರಿಯರಿಗೆ ಹತ್ತಿಸಿದ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 2004ರ ಸುಮಾರಿಗೆ ಇಲ್ಲಿಗೆ ಬಂದಿತು, 1.8 ಲೀಟರಿನ, 150 ಅಶ್ವಶಕ್ತಿಯ ಆ ಕಾರನ್ನು ಇಂದಿಗೂ ಮಕ್ಕಳಂತೆ ಸಾಕಿಕೊಂಡು ಬಂದವರಿದ್ದಾರೆ. ಅದನ್ನು ದಯವಿಟ್ಟು ಊರಿನಲ್ಲಿಯೇ ಇರಿಸಿ. ವಯಸ್ಸಿನಿಂದಲೂ ಮೆಟ್ಟಿಲಿನಿಂದಲೂ ಅದಕ್ಕೆ ರಾಜಧಾನಿಯಲ್ಲಿ ಸ್ಥಾನವಿಲ್ಲ. ಅದೇ ಹೆಸರಿನಲ್ಲಿ 2017ರಲ್ಲಿ ಬಂದ, 230 ಅಶ್ವಶಕ್ತಿಯ ಬಿಎಸ್-4 ಕಾರು ಅದಕ್ಕಿಂತ ಬಲಶಾಲಿಯಾದರೂ ಹೋಗಿ ನೆಲಸಬಲ್ಲುದು. ಡೀಸೆಲಿನದಾದರೆ ಮಾತ್ರ ಎಚ್ಚರಿಕೆ ಬೇಕು: ಚಳಿಗಾಲದಲ್ಲಿ ದೆಹಲಿಯ ಗಾಳಿ ಕೆಟ್ಟಂತೆಲ್ಲ ಹಂತಹಂತವಾಗಿ ಬರುವ ನಿರ್ಬಂಧಗಳಲ್ಲಿ ಮೂರನೆಯ ಹಂತದವು ಜಾರಿಯಾದಾಗ ಬಿಎಸ್-3 ಪೆಟ್ರೋಲ್ ಕಾರುಗಳ ಜೊತೆಗೆ ಬಿಎಸ್-4 ಡೀಸೆಲ್ ಕಾರುಗಳೂ ಮನೆಯಲ್ಲಿಯೇ ನಿಲ್ಲಬೇಕಾಗುತ್ತದೆ. ಗಾಜಿನ ಮೇಲೆ ಪೆಟ್ರೋಲಿಗೆ ತಿಳಿನೀಲಿ, ಡೀಸೆಲಿಗೆ ಕಿತ್ತಳೆ ಬಣ್ಣದ ಚೀಟಿ ಅಂಟಿಸಬೇಕೆಂಬ ನಿಯಮದ ಉದ್ದೇಶವೂ ಇದೇ. ದೂರದಿಂದಲೇ ವಾಹನದ ಜಾತಿ ತಿಳಿಯಲೆಂದು.

ಮೆಟ್ಟಿಲು ಸರಿಯಾಗಿದ್ದರೂ ವೇಗದ ಕಾರುಗಳವರು ಎಡವುವುದು ಇನ್ನೊಂದು ಕಡೆಯಲ್ಲಿ, ಮತ್ತು ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದೂ ಅದನ್ನೇ. ಸೈಲೆನ್ಸರಿಗಿಂತ ಮುಂಚೆ, ಯಂತ್ರದಿಂದ ಹೊರಬರುವ ಕೊಳವೆಯಲ್ಲಿ ಒಂದು ಉಕ್ಕಿನ ಸಂಪುಟವಿರುತ್ತದೆ. ಅದರೊಳಗೆ ಜೇನುಗೂಡಿನಂತೆ ರಂಧ್ರಮಯವಾದ ಮಣ್ಣಿನ ಇಟ್ಟಿಗೆ, ಆ ರಂಧ್ರಗಳ ಗೋಡೆಗಳ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ಅತಿ ತೆಳುವಾದ ಲೇಪ. ಇದುವರೆಗೆ ಶೋಧಕವೆಂದು ನಾನು ಕರೆದದ್ದು ಇದನ್ನೇ; ಇದಕ್ಕೆ ಕ್ಯಾಟಲಿಟಿಕ್ ಕನ್ವರ್ಟರ್ ಎಂದು ಹೆಸರು. ಸುಡದೆ ಉಳಿದ ಪೆಟ್ರೋಲಿನ ಆವಿಯನ್ನೂ ಇಂಗಾಲದ ಮಾನಾಕ್ಸೈಡನ್ನೂ ನೈಟ್ರೋಜನ್ನಿನ ಆಕ್ಸೈಡುಗಳನ್ನೂ ಅದು ನೀರು, ಇಂಗಾಲದ ಡೈಆಕ್ಸೈಡು ಮತ್ತು ನಿರಪಾಯವಾದ ನೈಟ್ರೋಜನ್ನಾಗಿ ಮಾರ್ಪಡಿಸುತ್ತದೆ. ಆದರೆ ಇದಕ್ಕೆ ಎರಡು ಹಂಗುಗಳುಂಟು. ತಾನು ಚೆನ್ನಾಗಿ ಕಾದಿರಬೇಕು, ಸುಮಾರು 250ರಿಂದ 300 ಡಿಗ್ರಿಯ ಮೇಲೆ. ಮತ್ತು ಯಂತ್ರಕ್ಕೆ ಹೋಗುವ ಗಾಳಿ ಪೆಟ್ರೋಲುಗಳ ತೂಕದ ಪ್ರಮಾಣವು 14.7ಕ್ಕೆ 1ರ ಆಸುಪಾಸಿನಲ್ಲಿರಬೇಕು. ರಾಶಿ ತೂರುವಾಗ ಗಾಳಿ ಹೆಚ್ಚಾದರೆ ಜೋಳವೇ ಹಾರಿಹೋಗಿ, ಕಡಿಮೆಯಾದರೆ ಹೊಟ್ಟು ಉಳಿದುಬಿಡುವಂತೆ, ಇಲ್ಲಿಯೂ ಗಾಳಿ ಹೆಚ್ಚಾದರೆ ನೈಟ್ರೋಜನ್ನಿನ ಆಕ್ಸೈಡುಗಳು ಉಳಿಯುತ್ತವೆ, ಕಡಿಮೆಯಾದರೆ ಮಾನಾಕ್ಸೈಡು ಉಳಿಯುತ್ತದೆ. ಆ ಹದವನ್ನು ಕ್ಷಣಕ್ಷಣಕ್ಕೂ ಕಾಯುವುದು ಕೊಳವೆಯಲ್ಲಿ ಸಿಕ್ಕಿಸಿರುವ ಆಕ್ಸಿಜನ್ ಸಂವೇದಕ ಮತ್ತು ಯಂತ್ರದ ಗಣಕ.

ವೇಗಪ್ರಿಯನು ಗ್ಯಾರೇಜಿಗೆ ಹೋಗಿ ಮಾಡಿಸುವ ಕೆಲಸಗಳು ಇದೇ ಹದವನ್ನು ಕೆಡಿಸುತ್ತವೆ. ಹೊಗೆಯ ದಾರಿಗೆ ತಡೆಯೆಂದು ಕನ್ವರ್ಟರನ್ನೇ ಕತ್ತರಿಸಿ ತೆಗೆದು ನೇರ ಕೊಳವೆ ಕೂಡಿಸುವುದು. ರೀಮ್ಯಾಪ್ ಎಂದು ಕರೆದು ಗಣಕದ ಲೆಕ್ಕಾಚಾರವನ್ನು ಬದಲಿಸಿ ಟರ್ಬೊವಿನ ಒತ್ತಡವನ್ನೂ ಪೆಟ್ರೋಲಿನ ಪ್ರಮಾಣವನ್ನೂ ಏರಿಸುವುದು. ಕನ್ವರ್ಟರಿನ ಕೆಲಸವನ್ನು ಕಾಯುವ ಎರಡನೆಯ ಸಂವೇದಕವು ದೂರು ಹೇಳದಂತೆ ಅದರ ಬಾಯಿ ಕಟ್ಟುವುದು. ಒಳ್ಳೆಯ ಕೈಯಲ್ಲಿ ಆದ ರೀಮ್ಯಾಪು ಕನ್ವರ್ಟರನ್ನು ಉಳಿಸಿಕೊಂಡೇ ಸಾಧಾರಣ ಓಟದಲ್ಲಿ ಹದ ತಪ್ಪದಿರಬಹುದು. ಆದರೆ ಕನ್ವರ್ಟರು ಹೋದಮೇಲೆ ಯಾವ ಕುಶಲತೆಯೂ ಅದರ ಕೆಲಸವನ್ನು ಮಾಡಲಾರದು. ಹೊಗೆಯ ಪರೀಕ್ಷೆಯಲ್ಲಿ, ಬಿಎಸ್-3ರ ಪೆಟ್ರೋಲ್ ಕಾರಿನ ಯಂತ್ರವು ನಿಂತಲ್ಲಿಯೇ ತಿರುಗುತ್ತಿರುವಾಗ ಮಾನಾಕ್ಸೈಡು ನೂರಕ್ಕೆ 0.5ರವರೆಗೂ, ಹೈಡ್ರೋಕಾರ್ಬನ್ನು ದಶಲಕ್ಷಕ್ಕೆ 750 ಭಾಗದವರೆಗೂ ಇರಬಹುದು. ಬಿಎಸ್-4ರದಕ್ಕೆ ಆ ಮಿತಿ 0.3 ಮತ್ತು 200. ಅಷ್ಟೇ ಅಲ್ಲದೆ ಯಂತ್ರವನ್ನು ನಿಮಿಷಕ್ಕೆ ಸುಮಾರು 2500 ಸುತ್ತುಗಳಲ್ಲಿ ತಿರುಗಿಸಿ ಮಾನಾಕ್ಸೈಡು 0.2 ಮೀರಬಾರದೆಂದೂ, ಗಾಳಿ ಪೆಟ್ರೋಲುಗಳ ಹದವು ನೂರಕ್ಕೆ ಮೂರಕ್ಕಿಂತ ಹೆಚ್ಚು ಆಚೀಚೆಯಾಗಬಾರದೆಂದೂ ನೋಡುತ್ತಾರೆ. ಕನ್ವರ್ಟರಿಲ್ಲದ ಕಾರು ಈ ಪರೀಕ್ಷೆಯಲ್ಲಿ ಪ್ರಾಮಾಣಿಕವಾಗಿ ತೇರ್ಗಡೆಯಾಗುವುದು ಅಸಂಭವವೆಂದೇ ತಿಳಿಯಬೇಕು.

ನಮ್ಮ ತಾಲೂಕುಗಳಲ್ಲಿ ಈ ಪರೀಕ್ಷೆಯು ಎಷ್ಟೋ ಕಡೆ ಒಂದು ಚೀಟಿ ಪಡೆಯುವ ವ್ಯವಹಾರವಾಗಿ ಕುಗ್ಗಿದೆಯೆಂಬುದನ್ನು ನಾನು ಕಂಡು ಬಲ್ಲೆನು, ಕಂಡು ವ್ಯಥೆಪಟ್ಟಿದ್ದೇನೆ. ಕೊಳವೆಯ ಬಾಯಿಗೆ ಸಂವೇದಕವನ್ನು ಹಿಡಿಯುವ ಮೊದಲೇ ಚೀಟಿ ಸಿದ್ಧವಾಗುವುದುಂಟು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗಳತ್ತ ಸಾಲುಗಟ್ಟಿ ಸಾಗುವ ಲಾರಿ ಟ್ರ್ಯಾಕ್ಟರುಗಳ ಹಿಂದೆ ಕಣ್ಣುರಿಯುತ್ತ ಹೋಗುವವರಿಗೆ, ಒಬ್ಬ ತರುಣನ ಕಾರಿನ ಕನ್ವರ್ಟರು ಇದೆಯೋ ಇಲ್ಲವೋ ಎಂಬುದು ಸಣ್ಣ ಸಂಗತಿಯಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಣ್ಣಿಗೆ ಕಾಣುವ ಹೊಗೆಯೊಂದೇ ಅಪಾಯವೆಂದು ತಿಳಿಯುವುದು ಸರಿಯಲ್ಲ. ಕಾನೂನಾದರೂ ಊರಿಂದೂರಿಗೆ ಬೇರೆಯಲ್ಲ. ನೋಂದಣಿ ಪತ್ರದಲ್ಲಿರುವ ತಯಾರಕನ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಂತಹ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡೂ ಉಂಟು; ಹೊಗೆಯ ಮಿತಿ ಮೀರಿದ್ದಕ್ಕೆ 10,000 ರೂಪಾಯಿವರೆಗಿನ ದಂಡ ಬೇರೆ. ಜೇವರ್ಗಿಯಲ್ಲಿ ಯಾರೂ ಕೇಳಲಿಲ್ಲವೆಂಬುದರಿಂದ ಜೇವರ್ಗಿಯಲ್ಲಿ ಅದು ಸಮ್ಮತವೆಂದಾಗುವುದಿಲ್ಲ.

ಆದುದರಿಂದ ಹೊರಡುವವನು ಕೇಳಿಸಿಕೊಳ್ಳಬೇಕಾದ ಮಾತು ಇಷ್ಟು: ತೆಗೆದಿಟ್ಟ ಮೂಲ ಕೊಳವೆಯೂ ಕನ್ವರ್ಟರೂ ಮನೆಯ ಅಟ್ಟದ ಮೇಲಿದ್ದರೆ ಅವನ್ನು ಇಳಿಸಿ ಮರಳಿ ಕೂಡಿಸಲಿ, ಗಣಕದ ಮೂಲ ಲೆಕ್ಕವನ್ನು ಮರಳಿ ಬರೆಸಲಿ, ಕಾರನ್ನು ಹೆದ್ದಾರಿಯಲ್ಲಿ ಚೆನ್ನಾಗಿ ಕಾಯಿಸಿ, ಕಲಬುರಗಿಯಲ್ಲಿಯೇ ನಿಜವಾದ ಪರೀಕ್ಷೆಯನ್ನು ಮಾಡಿಸಿ, ಅಂಕಿಗಳನ್ನು ಕಣ್ಣಾರೆ ಓದಿಕೊಳ್ಳಲಿ. ಕನ್ವರ್ಟರನ್ನು ಮಾರಿಬಿಟ್ಟಿದ್ದರೆ ಹೊಸದಕ್ಕೆ ಹಣ ಹೆಚ್ಚೇ ಬೀಳುತ್ತದೆ, ಅದರೊಳಗಣ ಲೋಹಗಳು ಅಮೂಲ್ಯವಾದುವು. ಆದರೂ ಅದಿಲ್ಲದೆ ಹೊರಡುವುದು ಬೇಡ.

ಕಾಗದಪತ್ರಗಳ ವಿಚಾರವು ಜನರು ಹೆದರುವಷ್ಟು ಜಟಿಲವಲ್ಲ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವು ಇನ್ನೊಂದರಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ನಿಂತರೆ ಮಾತ್ರ ಮೋಟಾರು ವಾಹನ ಕಾಯಿದೆಯ 47ನೆಯ ಪ್ರಕರಣದಂತೆ ಅಲ್ಲಿಯ ಹೊಸ ಸಂಖ್ಯೆಯನ್ನು ಪಡೆಯಬೇಕು. ಅದಕ್ಕೆ ಮುಂಚೆ ಕಲಬುರಗಿಯ ಸಾರಿಗೆ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಮೂವತ್ತು ದಿನಗಳೊಳಗೆ ಕಚೇರಿಯು ನಿರಾಕರಣೆಯನ್ನು ತಿಳಿಸದಿದ್ದರೆ ಎನ್‌ಒಸಿ ದೊರೆತಂತೆಯೇ ಭಾವಿಸತಕ್ಕದ್ದೆಂದು 48ನೆಯ ಪ್ರಕರಣದಲ್ಲಿಯೇ ಇದೆ. ಆಮೇಲೆ ಅಲ್ಲಿ ನಮೂನೆ 27, ಅಲ್ಲಿಯ ತೆರಿಗೆ. ಇಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಭಾಗವನ್ನು ಮರಳಿ ಕೇಳುವ ಹಕ್ಕೂ ಉಂಟು. 20 ಲಕ್ಷ ಮೀರಿದ ಕಾರಿಗೆ ನಮ್ಮ ರಾಜ್ಯದಲ್ಲಿ ನೂರಕ್ಕೆ 18ರಂತೆ ಕಟ್ಟಿರುವವನು ಇದನ್ನು ಮರೆಯಬಾರದು.

ಇಷ್ಟು ಹೇಳಿದ ಮೇಲೆ, ಯಾರೂ ಪತ್ರ ಬರೆದು ಕೇಳದ, ಆದರೆ ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುವ ವಿಷಯವೊಂದಿದೆ. ಇಲ್ಲಿಂದ ಅಲ್ಲಿಗೆ ಹೋಗುವ ಕಾರುಗಳು ಕೆಲವೇ. ಅಲ್ಲಿಂದ ಇಲ್ಲಿಗೆ ಬರುವವು ಬಹಳ. ದೆಹಲಿಯಲ್ಲಿ ಹತ್ತು ವರ್ಷ ಸಮೀಪಿಸಿದ ಡೀಸೆಲ್ ಕಾರಿಗೆ ಬೆಲೆ ಕುಸಿಯುತ್ತದೆ. ಅದರ ಮಾಲೀಕನು ಎನ್‌ಒಸಿ ಪಡೆದು ಹೊರರಾಜ್ಯಕ್ಕೆ ಮಾರುತ್ತಾನೆ. ನಿನ್ನೆಯವರೆಗೆ ಕನಸಾಗಿದ್ದ ಜರ್ಮನ್ ಕಾರೊಂದು ಹೊಸ ಸಣ್ಣ ಕಾರಿನ ಬೆಲೆಗೆ ನಮ್ಮ ಊರಿನ ಅಂಗಳದಲ್ಲಿ ಬಂದು ನಿಲ್ಲುತ್ತದೆ. ‘ದಿಲ್ಲಿ ಪಾಸಿಂಗ್ ಗಾಡಿ’ ಎಂದು ಜನರು ಅದನ್ನು ಆಸೆಯಿಂದಲೂ ಸ್ವಲ್ಪ ಅಂಜಿಕೆಯಿಂದಲೂ ಕರೆಯುತ್ತಾರೆ. ಕೊಳ್ಳುವವನನ್ನು ನಾನು ದೂರುವುದಿಲ್ಲ. ಒಳ್ಳೆಯ ಯಂತ್ರದ ಆಸೆಯು ಮಹಾನಗರದವರ ಸ್ವತ್ತೇನೂ ಅಲ್ಲ. ಆದರೆ ಒಂದು ನಗರವು ತನ್ನ ಗಾಳಿಗೆ ಅಯೋಗ್ಯವೆಂದು ಹೊರಗಟ್ಟಿದ ವಾಹನವು ಆಳಂದದ ಗಾಳಿಗೆ ಯೋಗ್ಯವೆಂದು ಕಾಗದದ ಬಲದಿಂದ ಸಾರುವ ವ್ಯವಸ್ಥೆಯನ್ನು ನಾನು ಒಪ್ಪಲಾರೆ. 2010ರಲ್ಲಿ ಸೊಲ್ಲಾಪುರಕ್ಕೂ ಅಫಜಲಪುರಕ್ಕೂ ನಡುವೆ ಎಳೆದ ಗೆರೆಯೇ ಇಂದು ಬೇರೆ ರೂಪದಲ್ಲಿ ಉಳಿದುಕೊಂಡಿದೆ. ಹೊರರಾಜ್ಯದಿಂದ ಬಂದ ಹಳೆಯ ವಾಹನಕ್ಕೆ ಹೊಸ ಸಂಖ್ಯೆ ಕೊಡುವ ಮುನ್ನ ಸಾರಿಗೆ ಇಲಾಖೆಯು ತೆರಿಗೆಯ ಲೆಕ್ಕವನ್ನು ನೋಡುವಷ್ಟೇ ಶ್ರದ್ಧೆಯಿಂದ ಕೊಳವೆಯ ಬಾಯನ್ನೂ ನೋಡಿ, ಆ ಅಂಕಿಗಳನ್ನು ನೋಂದಣಿ ಪತ್ರದ ಜೊತೆಗೇ ಇಡುವಂತಾದರೆ ಈ ಗೆರೆ ಬಹುಮಟ್ಟಿಗೆ ಅಳಿಸುತ್ತದೆ. ಇದಕ್ಕೆ ಹೊಸ ಕಾನೂನೇ ಬೇಕಿಲ್ಲ, ಇರುವ ಪರೀಕ್ಷೆಯನ್ನು ಇರುವಂತೆ ನಡೆಸಿದರೆ ಸಾಕು.

ಅಲ್ಲಿಯವರೆಗೆ ಆ ಎಚ್ಚರಿಕೆಯು ಕೊಳ್ಳುವವನ ಪಾಲಿಗೇ ಬರುತ್ತದೆ. ದೆಹಲಿಯ ಕಾರೊಂದನ್ನು ನೋಡಲು ಹೋದಾಗ ಬಣ್ಣವನ್ನೂ ಚರ್ಮದ ಆಸನಗಳನ್ನೂ ಆಮೇಲೆ ನೋಡಿದರಾಯಿತು. ಮೊದಲು ನೋಂದಣಿ ಪತ್ರದಲ್ಲಿ ಮೆಟ್ಟಿಲಿನ ಸಾಲನ್ನು ಓದಿರಿ. ಎನ್‌ಒಸಿಯಲ್ಲಿ ಕಲಬುರಗಿಯ ಹೆಸರೇ ಇದೆಯೋ ಬೇರೆ ಜಿಲ್ಲೆಯದಿದೆಯೋ ನೋಡಿರಿ. ಬಳಿಕ ಕಾರನ್ನು ಎತ್ತರದ ಹಲಗೆಯ ಮೇಲೇರಿಸಿ ಅದರ ಅಡಿಯನ್ನು ಕಣ್ಣಾರೆ ನೋಡಿರಿ. ಡೀಸೆಲ್ ಕಾರಿನಲ್ಲಿ ಕನ್ವರ್ಟರೂ, ಹೊಗೆಯ ಮಸಿಯನ್ನು ಹಿಡಿಯುವ ಜಾಲರಿಯಿರುವಲ್ಲಿ ಆ ಜಾಲರಿಯೂ ತಮ್ಮ ತಮ್ಮ ಸ್ಥಾನದಲ್ಲಿರಬೇಕು. ಅವುಗಳ ಜಾಗದಲ್ಲಿ ಹೊಸದಾಗಿ ಬೆಸೆದ ನೇರ ಕೊಳವೆಯಿದ್ದರೆ, ಅಥವಾ ಪತ್ರದಲ್ಲಿ ಬಿಎಸ್-3 ಎಂದಿದ್ದರೆ, ಬೆಲೆ ಎಷ್ಟೇ ಇಳಿದಿದ್ದರೂ ಕೀಲಿಯನ್ನು ಮಾರುವವನ ಕೈಗೆ ಮರಳಿ ಕೊಟ್ಟು ಬನ್ನಿರಿ.